ತಾಂಬೂಲದಲ್ಲಿ ಹೋದ ಇಸವಿ

ನನ್ನ ಗೆಳತಿ ವಸಂತಾಳ ಸೊಸೆ ಚೈತ್ರ ಹೋದ ತಿಂಗಳು ಇಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್ಲಿನ ಒಂದು ಇನ್ಶೂರೆನ್ಸ್ ಕಂಪನಿಯ ರೆಕಾರ್ಡ್ಸ್ ವಿಭಾಗಕ್ಕೆ ಸೇರಿದಳು. ನಾನು ಅರ್ಧ ಆಯಸ್ಸು ದುಡಿದು ಬಿಟ್ಟುಬಂದ ಅದೇ ಕಂಪನಿ, ಅದೇ ವಿಭಾಗ, ಬಹುಶಃ ಅದೇ ಕಿರುಗುಟ್ಟುವ ಕುರ್ಚಿ. "ಗಿರಿಜಾ ಆಂಟಿ, ಏನಾದ್ರೂ ಟಿಪ್ಸ್ ಇದ್ರೆ ವಾಟ್ಸಾಪ್ ಮಾಡಿ" ಎಂದಳು. ವಾಟ್ಸಾಪಿಗೆ ಹಿಡಿಸುವ ವಿಷಯವಲ್ಲ, ಅದಕ್ಕೇ ಹೀಗೆ ಬರೆಯಲು ಕೂತಿದ್ದೇನೆ. ಪ್ರಮೋಷನ್ನಿನ ಬಗ್ಗೆ ಇದರಲ್ಲಿ ಏನೂ ಸಿಗುವುದಿಲ್ಲ. ನನಗೆ ಬಂದದ್ದು ಒಂದೇ ಒಂದು, ಅದರಿಂದ ಹೆಚ್ಚಾದದ್ದು ಮೀಟಿಂಗುಗಳು ಮಾತ್ರ.

ರೆಕಾರ್ಡ್ಸ್ ವಿಭಾಗದ ಕೆಲಸ ಮೂರು ಬಗೆಯದು. ಹಳೆಯ ಕಾಗದಗಳನ್ನು ಜೋಪಾನವಾಗಿಡುವುದು, ಯಾರಾದರೂ ಕೇಳಿದರೆ ಹುಡುಕಿಕೊಡುವುದು, ಅವಧಿ ಮುಗಿದದ್ದನ್ನು ನಾಶ ಮಾಡುವುದು. ಮೊದಲ ಎರಡರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮೂರನೆಯದು ನನ್ನ ಕೈಲಿ ಆಗುತ್ತಿರಲಿಲ್ಲ. ಮಂಡ್ಯದಲ್ಲಿ ನಮ್ಮಮ್ಮ ಹಾಲಿನ ಕವರನ್ನೂ ತೊಳೆದು ತಂತಿಗೆ ಸಿಕ್ಕಿಸಿ ಒಣಗಿಸುತ್ತಿದ್ದರು. ಅಂಥವರ ಮಗಳಿಗೆ, ಗಟ್ಟಿಮುಟ್ಟಾದ ರಟ್ಟಿನ ಪೆಟ್ಟಿಗೆಯನ್ನು ಚೂರು ಮಾಡುವ ಯಂತ್ರಕ್ಕೆ ಹಾಕು ಎಂದರೆ ಹೇಗೆ ಹಾಕಿಯಾಳು?

ಸೇರಿದ ಹೊಸದರಲ್ಲೇ ಮೊದಲ ಎಡವಟ್ಟು ಮಾಡಿದೆ. ಹೇವರ್ಡಿನಲ್ಲಿದ್ದ ನಮ್ಮ ಗೋದಾಮಿಗೆ ಕಾಗದ ಚೂರು ಮಾಡುವ ಲಾರಿ ಬಂದು ನಿಂತಿತ್ತು. ನಾನು ಒಂದೊಂದೇ ಫೈಲು ಬಿಚ್ಚಿ ಕ್ಲಿಪ್ಪು, ರಬ್ಬರ್ ಬ್ಯಾಂಡು ತೆಗೆದು ಬೇರೆ ಬೇರೆ ಇಡುತ್ತಾ ಕೂತೆ. ನನ್ನ ಮೇಲಧಿಕಾರಿ ಡೇಲ್ ಕೆಂಪಗಾಗಿ ಓಡಿಬಂದ.

"ಗಿರಿಜಾ, ಆ ಲಾರಿ ಕಾಯೋದಕ್ಕೂ ನಾವು ದುಡ್ಡು ಕೊಡ್ತಿದೀವಿ!"

"ಕ್ಲಿಪ್ಪುಗಳೆಲ್ಲ ಹೊಸದಾಗೇ ಇವೆಯಲ್ಲ" ಎಂದೆ. ಆ ಕ್ಲಿಪ್ಪುಗಳು ಈಗಲೂ ನಮ್ಮ ಮನೆಯ ಬಿಸ್ಕತ್ತಿನ ಡಬ್ಬದಲ್ಲಿವೆ. ಯಾರಿಗಾದರೂ ಬೇಕಾದರೆ ಬಂದು ತೆಗೆದುಕೊಂಡು ಹೋಗಬಹುದು.

ಡೇಲ್ ಒಳ್ಳೆಯವನೇ. ಧೂಳು ಕಂಡರೆ ಸೀನುತ್ತಿದ್ದನಾದ್ದರಿಂದ ಕಾಗದವನ್ನು ಕಂಡರೆ ದ್ವೇಷ. ನಾನು ಸೇರಿದಾಗ ಕಾರ್ಡುಗಳ ಪೆಟ್ಟಿಗೆ ಇತ್ತು. ಆಮೇಲೆ ಮೈಕ್ರೋಫಿಲ್ಮ್ ಬಂತು, ಅದರ ಹಿಂದೆ ಸ್ಕ್ಯಾನಿಂಗು. ಈಗ ಕಂಪ್ಯೂಟರನ್ನೇ ಬಾಯಿಬಿಟ್ಟು ಕೇಳಿದರೆ ಸಾಕಂತೆ, ಇಲ್ಲದ ಫೈಲನ್ನೂ ಇದೆ ಎಂದು ಧೈರ್ಯವಾಗಿ ಹೇಳುತ್ತದಂತೆ. ನಮ್ಮ ಕಾಲದಲ್ಲಿ ಆ ಕೆಲಸವನ್ನು ಡೇಲ್ ಮಾಡುತ್ತಿದ್ದ.

ನಮ್ಮ ಕಂಪನಿಗೆ ತನ್ನ ವಯಸ್ಸಿನ ಬಗ್ಗೆ ಬಹಳ ಜಂಬ. ಬಾಗಿಲ ಗಾಜಿನ ಮೇಲೆ ಹೆಸರು, ಅದರ ಕೆಳಗೆ ಬಂಗಾರದ ಬಣ್ಣದಲ್ಲಿ ಸ್ಥಾಪನೆಯಾದ ಇಸವಿ. ಅದು ಹತ್ತೊಂಬತ್ತನೆಯ ಶತಮಾನದ ನಡುವಿನ ಒಂದು ಇಸವಿ. ಯಾವುದೆಂದು ಇಲ್ಲಿ ಬರೆದರೆ ಯಾವ ಕಂಪನಿ ಎಂದು ಗೊತ್ತಾಗಿಬಿಡುತ್ತದೆ, ನನಗೆ ಇನ್ನೂ ಪಿಂಚಣಿ ಬರುತ್ತಿದೆ. ಒಂದು ವರ್ಷ ವಾರ್ಷಿಕೋತ್ಸವವೆಂದು ಮಗ್ಗು, ಛತ್ರಿ, ಟೋಪಿ ಎಲ್ಲದರ ಮೇಲೂ ಆ ಇಸವಿ ಅಚ್ಚಾಯಿತು. ನಮ್ಮ ಪ್ರಚಾರ ವಿಭಾಗದವರ ಲೆಕ್ಕಾಚಾರ ಹೀಗೆ: ಜೀವ ವಿಮೆ ಮಾರುವವರಿಗೆ ವಯಸ್ಸಾಗಿರಬೇಕು, ಇಲ್ಲದಿದ್ದರೆ ನಾವು ಸಾಯುವ ತನಕ ಇವರು ಇರುತ್ತಾರೆಂದು ಜನ ನಂಬುವುದಿಲ್ಲ.

ಇದಕ್ಕೂ ಸ್ವಲ್ಪ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತ ಒಂದು ಕಾನೂನು ತಂದಿತ್ತು. ಊರಿನ ಕಾಂಟ್ರಾಕ್ಟು ಬೇಕೆನ್ನುವ ವಿಮಾ ಕಂಪನಿಗಳು, ಬ್ಯಾಂಕುಗಳು ತಮ್ಮ ಹಳೆಯ ದಾಖಲೆಗಳನ್ನು ತಡಕಿ, ಗುಲಾಮಗಿರಿಯಿಂದ ಲಾಭ ಮಾಡಿದ್ದರೆ ಹೇಳಬೇಕು. ಊರಿನ ನೌಕರರ ವಿಮೆ ನಮ್ಮ ಕಂಪನಿಯದ್ದೇ ಆಗಿತ್ತು. ಹುಡುಕುವ ಕೆಲಸ ನನಗೆ ಬಂತು. ತಡಕುವಂಥದ್ದೇನೂ ಇರಲಿಲ್ಲ. ನಮ್ಮ ಕಂಪನಿ ಹುಟ್ಟಿದ್ದೇ ದಕ್ಷಿಣದ ರಾಜ್ಯವೊಂದರಲ್ಲಿ. ದಣಿಗಳು ತಮ್ಮ ಗುಲಾಮರ ಜೀವದ ಮೇಲೆ ಅಲ್ಲಿ ವಿಮೆ ಮಾಡಿಸುತ್ತಿದ್ದರು. ಗುಲಾಮ ಸತ್ತರೆ ದಣಿಗೆ ಪರಿಹಾರ. ಆ ಪುಟಗಳನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಯಾರೂ ಓದಿರಲಿಲ್ಲ, ಅಷ್ಟೇ.

ಒಂದೊಂದು ಹೆಸರಿನ ಮುಂದೆ ಕಸುಬು ಬರೆದಿತ್ತು. ಡೈನಾ, ಅಡಿಗೆಯವಳು. ಐಸಾಕ್, ಬಡಗಿ. ಮನೆತನದ ಹೆಸರು ಯಾರಿಗೂ ಇಲ್ಲ. ನಮ್ಮ ಕಡೆ ಎತ್ತಿಗೆ, ಪಂಪ್‌ಸೆಟ್ಟಿಗೆ ವಿಮೆ ಮಾಡಿಸುವುದನ್ನು ನೋಡಿದ್ದೆ. ಅವತ್ತು ಫ್ರೀಮಾಂಟಿನ ಮನೆಗೆ ವಾಪಸಾಗುವಾಗ ರೈಲಿನಲ್ಲಿ ಅಳು ಬಂತು. ಎದುರಿಗೆ ಕೂತಿದ್ದ ಹುಡುಗಿ ಟಿಶ್ಯೂ ಕೊಟ್ಟಳು.

ಇಂಥ ಹೆಸರುಗಳನ್ನೆಲ್ಲ ರಾಜ್ಯ ಸರ್ಕಾರವೂ ಬಹಿರಂಗ ಮಾಡಿತು. ಹಾಗಾಗಿಯೇ ಒಂದು ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಫೋನು ಹೊಡೆದುಕೊಂಡಿತು. ಆ ಕಡೆ ಅರ್ನೆಸ್ಟೀನ್ ಎಂಬ ಹಿರಿಯ ಕಪ್ಪು ಹೆಂಗಸು, ಓಕ್‌ಲ್ಯಾಂಡಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಇಲ್ಲಿ ಅವರು ಮಂಡ್ಯದವರ ಹಾಗೆ ಕೇಳಿಸಿದರೆ ತಪ್ಪು ನನ್ನದಲ್ಲ. ಅವರ ಇಂಗ್ಲಿಷು ನನ್ನ ಕಿವಿಗೆ ಬೀಳುತ್ತಿದ್ದದ್ದೇ ಹಾಗೆ.

"ಡೈನಾ ನಮ್ಮ ಮುತ್ತಜ್ಜಿಯ ಅವ್ವ ಕಣವ್ವ" ಎಂದರು. "ದಣಿ ಹೆಸ್ರು, ಊರು, ಎಲ್ಲಾ ತಾಳೆ ಆಯ್ತದೆ. ಆಯಮ್ಮನ ಜೀವದ ಮ್ಯಾಲೆ ನಿಮ್ಮೋರು ಪಾಲಿಸಿ ಬರ್ದವ್ರೆ. ಸತ್ತೋಳು ಆಯಮ್ಮ. ದುಡ್ಡು ತಗಂಡೋನು ದಣಿ. ತೆಪ್ಪು ಮನೆಗೆ ಕ್ಲೇಮು ಕೊಟ್ಬುಟ್ಟವ್ರೆ. ಸರಿಯಾದ ಮನೆ ನಮ್ದು. ಯಾವಾಗ ಕೊಡ್ತೀರಿ?"

ವಿಮೆಯ ಕಂಪನಿಯಲ್ಲಿ ಅಷ್ಟು ವರ್ಷ ಇದ್ದರೂ ಇಷ್ಟು ಸ್ಪಷ್ಟವಾದ ಕ್ಲೇಮು ನಾನು ಕೇಳಿರಲಿಲ್ಲ. ಮೇಲಿನವರಿಗೆ ತಿಳಿಸುತ್ತೇನೆ ಎಂದೆ. "ಆಗ್ಲಿ, ಮುಂದಿನ ಸೋಮವಾರ ಮಾಡ್ತೀನಿ" ಎಂದರು. ಮಾಡಿದರು. ಅದರ ಮುಂದಿನ ಸೋಮವಾರವೂ ಮಾಡಿದರು. ಹೀಗೆ ಎಷ್ಟೋ ವರ್ಷ, ಬಸ್ಸಿನ ವೇಳಾಪಟ್ಟಿಯಂತೆ, ಅವರ ಫೋನು ತಪ್ಪಲಿಲ್ಲ.

ಮೇಲಿನವರು ಒಂದು ಸಮಿತಿ ಮಾಡಿದರು. ಸಮಿತಿಯವರು ಮನಸ್ಸು ಹಗುರ ಮಾಡುವ ಸಲಹೆಗಾರ್ತಿಯೊಬ್ಬಳನ್ನು ಕರೆಸಿದರು. ಅವಳು ಅರ್ನೆಸ್ಟೀನಮ್ಮನನ್ನು ಚಹಾಕ್ಕೆ ಕರೆದು, ಮೇಣದಬತ್ತಿ ಹಚ್ಚಿ, ನಿಮಗೆ ಕಂಪನಿಯಿಂದ ನಿಜಕ್ಕೂ ಬೇಕಾಗಿರುವುದು ಏನೆಂದು ಕಣ್ಣು ಮುಚ್ಚಿ ಯೋಚಿಸಿ ಎಂದಳು.

ಅರ್ನೆಸ್ಟೀನಮ್ಮ ಕಣ್ಣು ಮುಚ್ಚದೆಯೇ "ದುಡ್ಡು" ಎಂದರು.

"ಗೌರವ? ಮನ್ನಣೆ?"

"ಗೌರವ ಮನೇಲಿ ಬೇಕಾದಷ್ಟದೆ ತಾಯಿ. ಸೂರು ಸೋರ್ತಾ ಅದೆ."

ಸಮಿತಿ ಯೋಚಿಸಿ, ಡೈನಾಳ ನೆನಪಿಗೆ ಕಂಪನಿಯ ಅಂಗಳದಲ್ಲಿ ಒಂದು ಕಲ್ಲುಬೆಂಚು ಹಾಕಿಸುತ್ತೇವೆ ಎಂದಿತು. "ಜೀವಮಾನವೆಲ್ಲ ನಿಂತು ಬೇಯಿಸಿ ಹಾಕಿದೋಳ ಹೆಸರಲ್ಲಿ ನಿಮ್ಮೋರು ಕೂರಾಕೆ ಬೆಂಚಾ?" ಎಂದು ಅರ್ನೆಸ್ಟೀನಮ್ಮ ಎದ್ದು ಹೊರಟರು. ಅವರು ಲಿಫ್ಟಿನೊಳಗೆ ಹೋಗುವವರೆಗೂ ನಾನು ನಗು ತಡೆದುಕೊಂಡಿದ್ದೆ.

ಆಗ ನಮ್ಮ ವಕೀಲ ಸಾಹೇಬರು ಅಖಾಡಕ್ಕಿಳಿದರು. ಎತ್ತರದ ಮನುಷ್ಯ, ಯಾವಾಗಲೂ ಬಿಗಿಯಾದ ಕೋಟು. ಅವರ ವಾದ ಇಷ್ಟು: ಆ ಹಳೆಯ ಕಂಪನಿ ಬೇರೆ, ನಾವು ಬೇರೆ. ಹಲವು ಕಂಪನಿಗಳು ಸೇರಿ ಒಂದಾದಾಗ ನಾವು ಹುಟ್ಟಿದ್ದು, ಅದು ಈಚಿನ ಮಾತು. ಗುಲಾಮಗಿರಿ ಹೋಗಿ ನೂರು ವರ್ಷವಾದ ಮೇಲೆ ಹುಟ್ಟಿದ ನಮಗೆ ಅದರ ಪಾಪ ಹೇಗೆ ಅಂಟುತ್ತದೆ? ಸಮಿತಿಯವರಿಗೆ ಈ ಮಾತು ಬಲು ಹಿಡಿಸಿತು.

ನಾನು ಫೈಲುಗಳನ್ನು ಹಿಡಿದು ಮೂಲೆಯಲ್ಲಿ ಕೂತಿದ್ದೆ. ನನಗೂ ಸಂತೋಷವಾಯಿತು, ಯಾಕೆಂದರೆ ಮೊದಲ ಸಲ ಅಮೆರಿಕದ ಕಾನೂನು ಪೂರ್ತಿ ಅರ್ಥವಾಗಿತ್ತು. "ಹಾಗಾದ್ರೆ ಕಂಪನೀಗೂ ನನ್ನ ಥರ ಎರಡು ಹುಟ್ಟಿದ ದಿನ!" ಎಂದುಬಿಟ್ಟೆ.

ಎಲ್ಲರೂ ತಿರುಗಿದರು. ವಿವರಿಸಲೇಬೇಕಾಯಿತು. ನಮ್ಮ ಕಾಲದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಯಾವ ಸರ್ಟಿಫಿಕೇಟೂ ಇರುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು ಹೆಡ್ಮೇಷ್ಟ್ರು. ಮುಟ್ಟಿದರೆ ವಯಸ್ಸಾಯಿತು ಎಂದು ಲೆಕ್ಕ, ಆಮೇಲೆ ಅವರಿಗೆ ಅನುಕೂಲವಾದ ಒಂದು ಜೂನ್ ತಿಂಗಳ ತಾರೀಖು ಬರೆದುಕೊಳ್ಳುತ್ತಿದ್ದರು. ನನ್ನ ಕೈ ಉದ್ದ. ಹಾಗಾಗಿ ಜಾತಕದ ಪ್ರಕಾರ ಆಶ್ವಯುಜದಲ್ಲಿ ಹುಟ್ಟಿದ ನಾನು, ಸರ್ಕಾರದ ಪ್ರಕಾರ ಅದಕ್ಕೂ ಮುಂಚಿನ ಜೂನಿನಲ್ಲೇ ಹುಟ್ಟಿಬಿಟ್ಟೆ. ಕೇಳುತ್ತಾ ಕೇಳುತ್ತಾ ಡೇಲ್ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಸಮಿತಿಯವರೂ ಒಬ್ಬೊಬ್ಬರಾಗಿ ಮುಟ್ಟಿಕೊಂಡರು. ವಕೀಲ ಸಾಹೇಬರಿಗೆ ಕೋಟು ಅಡ್ಡ ಬಂದು ಕೈ ಹಣೆಯ ಹತ್ತಿರವೇ ನಿಂತಿತು.

"ಹಬ್ಬ ಮಾಡೋವಾಗ ಜಾತಕದ ದಿನ, ಕಾಗದಪತ್ರಕ್ಕೆ ಸ್ಕೂಲಿನ ದಿನ. ನಮ್ಮ ಕಂಪನೀದೂ ಹಾಗೇ ಅಲ್ವಾ? ಮಗ್ಗಿನ ಮೇಲೆ ಹಳೇ ಇಸವಿ, ಪಾಪ ಬಂದಾಗ ಹೊಸದು" ಎಂದೆ. ನಾನು ಸಹಾಯ ಮಾಡುತ್ತಿದ್ದೇನೆಂದೇ ನಂಬಿದ್ದೆ.

ಮರುದಿನ ಎಚ್.ಆರ್.ನ ಹುಡುಗಿ ನನ್ನನ್ನು ಕರೆಸಿ, ವಯಸ್ಸಿನ ವಿಷಯದಲ್ಲಿ ಕಂಪನಿಗೆ ಸುಳ್ಳು ಹೇಳಿದ್ದೀರಾ ಎಂದು ವಿಚಾರಣೆ ಶುರುಮಾಡಿದಳು.

"ಎರಡರಲ್ಲಿ ಯಾವುದು ಸುಳ್ಳು?" ಎಂದಳು.

"ಎರಡೂ ನಿಜ."

"ಹಾಗಾಗೋಕೆ ಸಾಧ್ಯ ಇಲ್ಲ. ಒಬ್ಬರಿಗೆ ಒಂದೇ ಹುಟ್ಟಿದ ದಿನ. ಸಹಿ ಹಾಕಿ ಊರಿಗೆಲ್ಲ ಹೇಳಿಕೊಂಡಿದ್ದು ಯಾವುದೋ ಅದೇ ಲೆಕ್ಕಕ್ಕೆ."

"ಕಂಪನೀಗೂ ಇದೇ ರೂಲಾ?"

ಅವಳು ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿ, "ಅದು ನನ್ನ ಲೆವೆಲ್ಲಿಗಿಂತ ಮೇಲಿಂದು" ಎಂದಳು. ವಿಚಾರಣೆ ಅಲ್ಲಿಗೇ ಮುಗಿಯಿತು. ನಾನು ಜೂನಿನಲ್ಲಿ ಹುಟ್ಟಿದವಳೆಂದು ಖಾಯಂ ಆಯಿತು.

ಮುಂದಿನ ಸೋಮವಾರ ಈ ಕಥೆಯನ್ನು ಅರ್ನೆಸ್ಟೀನಮ್ಮನಿಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. ನಿಧಾನವಾಗಿ, "ಬಾಗ್ಲ ಮ್ಯಾಲೆ ಏನ್ ಬರ್ದದೆ ಅಂದೆ?" ಎಂದು ಕೇಳಿದರು. ಆಮೇಲೆ ನಗರಾಡಳಿತಕ್ಕೆ ಬರೆದರು: ಈ ಕಂಪನಿ ಹಳೆಯದೇ ಆದರೆ ಡೈನಾಳ ಕ್ಲೇಮು ಕೊಡಲಿ. ಹೊಸದಾದರೆ ಬಾಗಿಲಿನ ಇಸವಿ ಅಳಿಸಲಿ. ಎರಡರಲ್ಲಿ ಒಂದಾಗಲಿ.

ಕಂಪನಿ ಇಸವಿ ಅಳಿಸಿತು.

ಇಷ್ಟು ಚುರುಕಾಗಿ ನಮ್ಮ ಕಂಪನಿ ಇನ್ನೊಂದು ಕೆಲಸ ಮಾಡಿದ್ದು ನಾನು ನೋಡಿಲ್ಲ. ಬಾಗಿಲ ಗಾಜನ್ನು ಬ್ಲೇಡಿನಿಂದ ಹೆರೆಸಿದರು. ವೆಬ್‌ಸೈಟು, ಲೆಟರ್‌ಹೆಡ್ಡು, ಕ್ಯಾಂಟೀನಿನ ನ್ಯಾಪ್ಕಿನ್ನು, ಎಲ್ಲ ಕಡೆಯಿಂದಲೂ ಇಸವಿ ಮಾಯವಾಯಿತು. ರಾತ್ರೋರಾತ್ರಿ ತರುಣನಾದ ಮುದುಕನ ಹಾಗೆ ಕಂಪನಿ ಒಂಥರಾ ಪೆಚ್ಚಾಗಿ ನಿಂತಿತ್ತು. ಗೋದಾಮಿನಲ್ಲಿ ಉಳಿದಿದ್ದ ವಾರ್ಷಿಕೋತ್ಸವದ ಮಗ್ಗುಗಳ ಪೆಟ್ಟಿಗೆಗಳನ್ನು ತೋರಿಸಿ ಡೇಲ್ ನನಗೆ, "ಇವನ್ನೆಲ್ಲ ವಿಲೇವಾರಿ ಮಾಡು" ಎಂದ.

ಮಾಡಿದೆ. ಮನೆಗೆ ಸಾಗಿಸಿದೆ. ಒಳ್ಳೆಯ ದಪ್ಪ ಪಿಂಗಾಣಿ, ಬಿಸಿ ಕಾಫಿ ಹಾಕಿದರೂ ಹಿಡಿ ಸುಡುವುದಿಲ್ಲ. ಎಸೆಯಲು ಯಾರಿಗೆ ಮನಸ್ಸು ಬಂದೀತು? ಆ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆಲ್ಲ ಎಲೆ ಅಡಿಕೆ, ತೆಂಗಿನಕಾಯಿ, ಜೊತೆಗೆ ರವಿಕೆ ಕಣದ ಬದಲು ಒಂದೊಂದು ಮಗ್ಗು ಕೊಟ್ಟೆ. ನನ್ನ ಮಗಳು ತಲೆ ಚಚ್ಚಿಕೊಂಡು, "ಅಮ್ಮಾ, ಪ್ಲೀಸ್, ದಿಸ್ ಈಸ್ ಸೋ ಎಂಬ್ಯಾರಸಿಂಗ್" ಎಂದಳು. ಅವಳಿಗೂ ಎರಡು ಕೊಟ್ಟೆ.

ಆ ಹಬ್ಬಕ್ಕೆ ಅರ್ನೆಸ್ಟೀನಮ್ಮನನ್ನೂ ಕರೆದಿದ್ದೆ. ಅಷ್ಟು ವರ್ಷ ಫೋನಿನಲ್ಲಿ ಮಾತಾಡಿದವರಿಗೆ ಒಂದು ಹೋಳಿಗೆ ಹಾಕದಿದ್ದರೆ ಹೇಗೆ? ಬಂದರು, ಚಾಪೆಯ ಮೇಲೆ ಕೂರಲಾರೆನೆಂದು ಸೋಫಾದಲ್ಲಿ ಕೂತರು, ಹೋಳಿಗೆ ಎರಡನೆಯ ಸಲ ಹಾಕಿಸಿಕೊಂಡರು. ಅರಿಸಿನ ಕುಂಕುಮ ಇಡಬಹುದೇ ಎಂದು ಕೇಳಿದೆ. "ಇಡವ್ವ, ಎಲ್ರಿಗೂ ಇಡೋದು ನಂಗ್ಯಾಕ್ ಬ್ಯಾಡ?" ಎಂದು ಹಣೆ ಚಾಚಿದರು. ಅವರಿಗೂ ಅದೇ ತಾಂಬೂಲ, ಅದೇ ಮಗ್ಗು. ಮಗ್ಗನ್ನು ತಿರುಗಿಸಿ ಇಸವಿ ನೋಡಿದರು, ನನ್ನ ಮುಖ ನೋಡಿದರು, ಚೀಲಕ್ಕೆ ಹಾಕಿಕೊಂಡರು. ನಾನು ಬೇಕೆಂದೇ ಕೊಟ್ಟೆ ಎಂದು ಡೇಲ್ ಇವತ್ತಿಗೂ ಹೇಳುತ್ತಾನೆ. ಎಲ್ಲರಿಗೂ ಕೊಟ್ಟು ಅವರೊಬ್ಬರಿಗೆ ಕೊಡದೆ ಕಳಿಸುವಷ್ಟು ಮರ್ಯಾದೆಗೆಟ್ಟವಳೇ ನಾನು?

ಕೆಲವು ವಾರಗಳ ನಂತರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಗರಾಡಳಿತದ ಬಹಿರಂಗ ವಿಚಾರಣೆ ನಡೆಯಿತು. ನಮ್ಮ ಕಾಂಟ್ರಾಕ್ಟು ಮುಂದುವರಿಸಬೇಕೇ ಎಂಬುದು ವಿಷಯ. ವಕೀಲ ಸಾಹೇಬರು ಎದ್ದು, ನಮ್ಮದು ಹೊಸ ಕಂಪನಿ, ಆ ಹಳೆಯ ಕಂಪನಿಯೇ ನಾವು ಎಂದು ಎಂದೂ ಹೇಳಿಕೊಂಡಿಲ್ಲ ಎಂದು ಗಂಭೀರವಾಗಿ ಓದಿದರು. ಬಳಿಕ ಅರ್ನೆಸ್ಟೀನಮ್ಮನ ಸರದಿ. ಅವರು ಮೈಕಿನ ಮುಂದೆ ನಿಂತು, ಚೀಲದಿಂದ ಮೊದಲು ತೆಂಗಿನಕಾಯಿ ತೆಗೆದು ಮೇಜಿನ ಮೇಲಿಟ್ಟರು. ಅದರ ಪಕ್ಕ ಮಗ್ಗು ಇಟ್ಟರು, ಇಸವಿ ಕಾಣುವ ಹಾಗೆ.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, "ತೆಂಗಿನಕಾಯಿ ಯಾತಕ್ಕೆ?" ಎಂದರು.

"ಅದು ಮಗ್ಗಿನ ಜೊತೆ ಬಂದದ್ದು. ಬೇರೆ ಬೇರೆ ಮಾಡಬಾರ್ದಂತೆ."

ಅಧ್ಯಕ್ಷೆ ಮಗ್ಗಿನ ಮೇಲಿದ್ದುದನ್ನು ಗಟ್ಟಿಯಾಗಿ ಓದಿದರು. ಇಂಥವು ಇನ್ನೆಷ್ಟು ಊರಲ್ಲಿವೆ ಎಂದು ವಕೀಲರನ್ನು ಕೇಳಿದರು. ಎಲ್ಲ ನಾಶವಾಗಿವೆ ಎಂದರು ಅವರು. ಆಗ ಡೇಲ್ ನನ್ನ ಕಡೆ ತಿರುಗಿದ, ವಕೀಲರು ಡೇಲ್ ಕಡೆ ತಿರುಗಿದರು, ಅಧ್ಯಕ್ಷೆ ಮೂವರ ಕಡೆಯೂ ನೋಡಿದರು. "ಫ್ರೀಮಾಂಟಿನಲ್ಲಿವೆ" ಎಂದೆ. ಮತ್ತೇನು ಹೇಳಲಿ? ಪೂರ್ತಿ ಲೆಕ್ಕ ಕೊಡಿ ಎಂದು ಹೇಳಿ ವಿಚಾರಣೆಯನ್ನು ಮುಂದೂಡಿದರು.

ಮಗ್ಗುಗಳನ್ನೆಲ್ಲ ವಾಪಸ್ ತರಬೇಕೆಂದು ವಕೀಲ ಸಾಹೇಬರ ಆಜ್ಞೆಯಾಯಿತು. ಡೇಲ್ ಕಾರು ತಂದ, ನಾನು ದಾರಿ ತೋರಿಸಿದೆ. ಮೊದಲ ಮನೆ ವಸಂತಾಳದು. ಅವಳು ಹಾಸನದವಳು, ಮಾತು ಖಡಕ್.

"ತಾಂಬೂಲದಲ್ಲಿ ಬಂದಿದ್ದನ್ನ ವಾಪಸ್ ಕೊಡೋದಾ? ಏನ್ ಮಾತು ಅಂತ ಆಡ್ತೀಯ ಗಿರಿಜಾ! ಲಕ್ಷ್ಮಿ ಮನೆ ಬಿಟ್ಟು ಹೋಗ್ತಾಳೆ."

ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಡೇಲ್ ಬಹಳ ವಿನಯದಿಂದ, "ಲಕ್ಷ್ಮಿಯವರು ಮನೇಲಿದ್ರೆ ನಾನೇ ಒಂದ್ಸಲ ಅವರ ಹತ್ರ ಮಾತಾಡ್ಲಾ?" ಎಂದು ಕೇಳಿದ.

ಆಮೇಲಿನ ಮನೆಗಳಲ್ಲೂ ಅದೇ ಕಥೆ. ಒಬ್ಬರು ಅದರಲ್ಲಿ ಮೊಸರು ಹೆಪ್ಪು ಹಾಕಿದ್ದರು, ಅಲುಗಿಸುವ ಹಾಗಿರಲಿಲ್ಲ. ಒಬ್ಬರ ಮನೆಯಲ್ಲಿ ದೊಡ್ಡಪತ್ರೆ ಗಿಡ ಬೆಳೆದಿತ್ತು. ಹಲವರು, ರವಿಕೆ ಕಣವನ್ನು ಸಾಗಿಸುವ ಹಾಗೆಯೇ, ಮುಂದಿನ ವಾರದ ತಾಂಬೂಲಕ್ಕೆ ಅದನ್ನೇ ಇಟ್ಟು ಕೈತೊಳೆದುಕೊಂಡಿದ್ದರು. ಕೆಲವು ಮಗ್ಗುಗಳು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಕೂತು ಮೈಸೂರಿಗೂ ಹೋಗಿದ್ದವು. ಪ್ರತಿ ಮನೆಯಲ್ಲೂ ಡೇಲನಿಗೆ ಬಲವಂತದ ತಿಂಡಿ. ಸಂಜೆ ಅವನ ಕಾರಿನಲ್ಲಿ ಕೋಡುಬಳೆ, ಚಕ್ಕುಲಿ, ತೆಂಗಿನಕಾಯಿಗಳಿದ್ದವು. ವಾಪಸ್ ಬಂದ ಮಗ್ಗು ಒಂದೂ ಇಲ್ಲ. ಒಬ್ಬ ಅಜ್ಜಿ ಮಾತ್ರ, "ನಿನ್ನ ಹೆಂಡತಿಗೆ ಕೊಡಪ್ಪ" ಎಂದು ತಾಂಬೂಲದ ಜೊತೆ ಒಂದು ಮಗ್ಗು ಇಟ್ಟು ಕೊಟ್ಟಿದ್ದರು. ಅದನ್ನು ಕಂಪನಿಗೆ ಒಪ್ಪಿಸು ಎಂದೆ. ಡೇಲ್ ಮಗ್ಗನ್ನು ತೊಡೆಯ ಮೇಲೆ ಭದ್ರವಾಗಿಟ್ಟುಕೊಂಡು, "ಲಕ್ಷ್ಮಿ ಹೋಗ್ತಾರಲ್ಲ" ಎಂದ.

ಹಿಂಪಡೆಯಲು ಸಾಧ್ಯವಿಲ್ಲ, ಧಾರ್ಮಿಕ ಅಡಚಣೆ ಇದೆ ಎಂದು ಅವನೇ ವರದಿ ಬರೆದ. ಅಷ್ಟರಲ್ಲಿ ಪ್ರಚಾರ ವಿಭಾಗದವರೂ ಗೋಳಾಡುತ್ತಿದ್ದರು, ಇಸವಿ ಇಲ್ಲದ ಕಂಪನಿಯನ್ನು ಗಿರಾಕಿಗಳು ನಂಬುತ್ತಿಲ್ಲವೆಂದು. ಕೊನೆಗೆ ಮೇಲಿನವರು ತೂಗಿ ನೋಡಿದರು. ಡೈನಾಳ ಕ್ಲೇಮಿಗಿಂತ ಇಸವಿಯೂ ಊರಿನ ಕಾಂಟ್ರಾಕ್ಟೂ ಹೆಚ್ಚು ಬೆಲೆಬಾಳುತ್ತವೆ ಎಂದಾಯಿತು. ಬಾಗಿಲಿಗೆ ಮತ್ತೆ ಬಂಗಾರದ ಬಣ್ಣ ಬಂತು. ಡೈನಾಳ ಕ್ಲೇಮು, ಅಷ್ಟು ವರ್ಷಗಳ ಬಡ್ಡಿಯ ಸಮೇತ, ಅರ್ನೆಸ್ಟೀನಮ್ಮನ ಮನೆತನಕ್ಕೆ ಸಂದಾಯವಾಯಿತು. ಇದು ತಪ್ಪೊಪ್ಪಿಗೆಯಲ್ಲ, ಇದನ್ನು ಬೇರೆಯವರು ಉದಾಹರಣೆಯಾಗಿ ಎತ್ತಿಕೊಳ್ಳಕೂಡದು ಎಂದು ವಕೀಲರು ಉದ್ದಕ್ಕೂ ಬರೆದಿದ್ದರು. ಅರ್ನೆಸ್ಟೀನಮ್ಮ ಪೂರ್ತಿ ಓದಿ ಸಹಿ ಹಾಕಿದರು.

"ಇಷ್ಟು ಸಾಕಾ ಅಮ್ಮ?" ಎಂದು ನಾನು ಮೆಲ್ಲಗೆ ಕೇಳಿದೆ.

"ಎಲ್ಲಿ ಸಾಕಾದಾತವ್ವ? ಒಂದ್ ಜೀವ ಅದು. ಆದ್ರೂ ಬ್ಯಾಂಕಿಗೆ ಹಾಕ್ತೀನಿ" ಎಂದರು. ಹೊರಗೆ ಹೋಗುವಾಗ ಬಾಗಿಲ ಮುಂದೆ ನಿಂತು ಹೊಸದಾಗಿ ಬರೆದ ಇಸವಿಯನ್ನು ಬೆರಳಿನಿಂದ ಸವರಿದರು. ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಮುಚ್ಚಿಡುವುದೇನು?

ಎಲ್ಲ ಮುಗಿಯಿತೆಂದು ನಾನು ಆಫೀಸಿಗೆಲ್ಲ ಮೈಸೂರು ಪಾಕು ಹಂಚಿದೆ. ವಕೀಲ ಸಾಹೇಬರೂ ಎರಡು ತಿಂದರು. ಸೋಮವಾರ ಬೆಳಿಗ್ಗೆ ಫೋನು ಹೊಡೆದುಕೊಂಡಿತು.

"ಏನ್ ಗಿರಿಜಾ, ಚೆನ್ನಾಗಿದೀಯಾ? ಡೈನಾದು ಆಯ್ತು. ಅವಳ ಕೆಳಗೆ ಯಾರ ಹೆಸ್ರದೆ ಓದು."

ನಾನು ಓದಿದೆ. "ಐಸಾಕ್, ಬಡಗಿ."

"ಅವನ ಕಡೆಯೋರು ಎಲ್ಲವ್ರೋ ಹುಡುಕಣ. ನಂಗೇನ್ ಕೆಲ್ಸ, ಬಸ್ಸಾ ಓಡಿಸ್ಬೇಕು?"

ಅದಾದ ಮೇಲೆ ಬಂದ ಜೂನಿನಲ್ಲಿ, ಹೆಡ್ಮೇಷ್ಟ್ರು ಬರೆದ ತಾರೀಖಿಗೆ ಸರಿಯಾಗಿ, ನಾನು ನಿವೃತ್ತಳಾದೆ. ಚೈತ್ರಾ, ನಿನಗೆ ನಾನು ಕೊಡುವ ಟಿಪ್ಸು ಇದೊಂದೇ. ಸೋಮವಾರ ಬೆಳಿಗ್ಗೆ ಕಾಫಿಗೆ ಎದ್ದು ಹೋಗಬೇಡ, ಫೋನು ಎತ್ತು. ಐಸಾಕನ ವಂಶದವರು ಹೇವರ್ಡಿನಲ್ಲಿ ಸಿಕ್ಕಿದ್ದಾರಂತೆ, ನಮ್ಮ ಹಳೆಯ ಗೋದಾಮಿಗೆ ಎರಡು ಬೀದಿ ಆಚೆ. ಈ ಶ್ರಾವಣಕ್ಕೆ ಅವರನ್ನೂ ಅರಿಸಿನ ಕುಂಕುಮಕ್ಕೆ ಕರೆದಿದ್ದೇನೆ. ಮಗ್ಗು ಇನ್ನೂ ಒಂದು ಪೆಟ್ಟಿಗೆ ಇದೆ.